ಅಳತೆ ಪುಸ್ತಕದ ಹಿಂದಿನ ಪುಟ: ಮನೆಯ ಐಎನ್‌ಆರ್ ಮೀಟರ್ ಜೊತೆ 13 ತಿಂಗಳು

ನನ್ನ ಟೈಲರಿಂಗ್ ಅಳತೆ ಪುಸ್ತಕವನ್ನು ಮುಂದಿನಿಂದ ತೆರೆದರೆ ಎದೆ 36, ಸೊಂಟ 32, ತೋಳು 9 ಅಂತ ಗಿರಾಕಿಗಳ ಲೆಕ್ಕ ಉಂಟು. ಹಿಂದಿನಿಂದ ತೆರೆದರೆ 2.9, 2.7, 1.8, 3.1 ಅಂತ ನನ್ನ ರಕ್ತದ ಲೆಕ್ಕ. ಪ್ರತಿ ಸಂಖ್ಯೆಯ ಪಕ್ಕದಲ್ಲಿ ಆ ವಾರ ತಿಂದದ್ದನ್ನೂ ಬರೆದಿಟ್ಟಿದ್ದೇನೆ. ‘ಹರಿವೆ ಎರಡು ಸಲ.’ ‘ಪತ್ರೊಡೆ.’ ‘ಬರೇ ಸೌತೆ, ಕುಂಬಳ.’ ಬೆರಳು ಚುಚ್ಚಿ ಮನೆಯಲ್ಲೇ ಐಎನ್‌ಆರ್ (ರಕ್ತ ಎಷ್ಟು ನಿಧಾನವಾಗಿ ಹೆಪ್ಪುಗಟ್ಟುತ್ತದೆ ಎಂಬ ಅಳತೆ) ನೋಡುವ ಮೀಟರ್ ತೆಗೆದುಕೊಳ್ಳಬೇಕಾ ಬೇಡವಾ ಎಂದು ಯೋಚಿಸುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಕಂಪನಿಯ ಹೆಸರು ಹಾಕುವುದಿಲ್ಲ. ನಾನು ಹೇಳುವುದು ಈ ಬಗೆಯ ಯಂತ್ರದ ಬಗ್ಗೆ, ಮತ್ತು ಅದು ನಮ್ಮ ಅಡುಗೆಮನೆಯ ಬಗ್ಗೆ ನನಗೆ ಕಲಿಸಿದ್ದರ ಬಗ್ಗೆ.

ಚಿಕ್ಕವಳಿದ್ದಾಗ ಬಂದ ರೂಮ್ಯಾಟಿಕ್ ಜ್ವರ ನನ್ನ ಹೃದಯದ ಮೈಟ್ರಲ್ ಕವಾಟವನ್ನು ಕೆಡಿಸಿತ್ತು. 2011ರಲ್ಲಿ ಅದನ್ನು ತೆಗೆದು ಕೃತಕ ಕವಾಟ ಹಾಕಿದರು. ರಾತ್ರಿ ಹೊಲಿಗೆ ಮಿಷನ್ ನಿಲ್ಲಿಸಿ ಮಲಗಿದರೆ ಅದರ ಟಿಕ್ ಟಿಕ್ ನನಗೆ ಕೇಳುತ್ತದೆ. ಆ ಕವಾಟದ ಮೇಲೆ ರಕ್ತ ಹೆಪ್ಪುಗಟ್ಟಬಾರದು. ಗಟ್ಟಿದರೆ ಕವಾಟವೇ ಸಿಕ್ಕಿಕೊಳ್ಳಬಹುದು, ತುಂಡು ಮೆದುಳಿಗೆ ಹೋದರೆ ಲಕ್ವ ಹೊಡೆಯುತ್ತದೆ. ಹಾಗಾಗಿ ದಿನಾ ಸಂಜೆ ಅಸೆನೊಕೌಮರಾಲ್ ಗುಳಿಗೆ, ಜೀವನಪೂರ್ತಿ. ಗುಳಿಗೆ ಕಡಿಮೆಯಾದರೆ ಹೆಪ್ಪು, ಹೆಚ್ಚಾದರೆ ರಕ್ತಸ್ರಾವ. ನಡುವಿನ ದಾರಿಯಲ್ಲಿ ಇದ್ದೇನಾ ಎಂದು ಹೇಳುವುದು ಐಎನ್‌ಆರ್. ಗುಳಿಗೆ ತಿನ್ನದವರಲ್ಲಿ ಅದು 1ರ ಆಸುಪಾಸು. ನನ್ನಂಥ ಮೈಟ್ರಲ್ ಕವಾಟದವರಿಗೆ 2.5ರಿಂದ 3.5ರ ಒಳಗೆ ಇರಬೇಕು.

ಮೊದಲು ತಿಂಗಳಿಗೊಮ್ಮೆ ಬ್ರಹ್ಮಾವರದಿಂದ ಬಸ್ಸು ಹಿಡಿದು ಉಡುಪಿಗೆ ಹೋಗಿ ನೀಲಿ ಮುಚ್ಚಳದ ಟ್ಯೂಬಿನಲ್ಲಿ ರಕ್ತ ಕೊಡುತ್ತಿದ್ದೆ. ಅರ್ಧ ದಿನದ ಕೆಲಸ ಹೋಗುತ್ತಿತ್ತು. ಮಳೆಗಾಲದಲ್ಲಿ ಇಡೀ ದಿನ. ಮದುವೆ ಸೀಸನ್ನಿನಲ್ಲಿ ಬ್ಲೌಸುಗಳ ರಾಶಿ ಬಿದ್ದಾಗ ಎರಡು ತಿಂಗಳು ಹೋಗದೇ ಇದ್ದದ್ದೂ ಉಂಟು. ಅದು ಗೊತ್ತಾದ ಮೇಲೆಯೇ ಬೆಂಗಳೂರಿನಲ್ಲಿರುವ ಮಗಳು ಕಳೆದ ವರ್ಷ ಜೂನ್‌ನಲ್ಲಿ ಈ ಮೀಟರ್ ತಂದುಕೊಟ್ಟದ್ದು.

ಬಳಸುವುದು ಕಷ್ಟವಿಲ್ಲ. ಬಿಸಿನೀರಲ್ಲಿ ಕೈ ತೊಳೆದು ಚೆನ್ನಾಗಿ ಒರೆಸಿಕೊಳ್ಳಬೇಕು. ಪರೀಕ್ಷೆಯ ಪಟ್ಟಿಯನ್ನು (ಸ್ಟ್ರಿಪ್) ಮೀಟರಿಗೆ ಸಿಕ್ಕಿಸಿ, ಬೆರಳ ತುದಿಯ ಬದಿಗೆ ಚುಚ್ಚಿ, ಬಂದ ಹನಿಯನ್ನು ತಡಮಾಡದೆ ಪಟ್ಟಿಗೆ ಮುಟ್ಟಿಸಬೇಕು. ಒಂದು ನಿಮಿಷದಲ್ಲಿ ಸಂಖ್ಯೆ ಬರುತ್ತದೆ. ಪಟ್ಟಿಯಲ್ಲಿ ಒಣಗಿಸಿಟ್ಟ ಥ್ರೊಂಬೊಪ್ಲಾಸ್ಟಿನ್ ಎಂಬ ವಸ್ತು ಇರುತ್ತದೆ. ರಕ್ತ ಅದಕ್ಕೆ ತಾಗಿದೊಡನೆ ಹೆಪ್ಪುಗಟ್ಟುವ ಕೆಲಸ ಶುರು. ಅದಕ್ಕೆ ಎಷ್ಟು ಸೆಕೆಂಡು ಹಿಡಿಯಿತು ಎಂಬುದನ್ನು ಮೀಟರ್ ಐಎನ್‌ಆರ್ ಆಗಿ ಬದಲಾಯಿಸಿ ತೋರಿಸುತ್ತದೆ. ಸೂಜಿ ಚುಚ್ಚಿಸಿಕೊಳ್ಳುವುದು ಟೈಲರ್ ಕೈಗೆ ಹೊಸತಲ್ಲ. ಕಷ್ಟವಾದದ್ದು ಬೆರಳನ್ನು ಹಿಂಡದೇ ಇರುವುದು. ರಕ್ತ ಬರಲಿಲ್ಲವೆಂದು ಬಲವಾಗಿ ಹಿಂಡಿದರೆ ಮಾಂಸದ ರಸವೂ ಸೇರಿ ಲೆಕ್ಕ ತಪ್ಪುತ್ತದೆ. ಮೊದಲ ವಾರ ಮೂರು ಪಟ್ಟಿ ಹೀಗೇ ಹಾಳು ಮಾಡಿದೆ. ಕೈಯನ್ನು ಕೆಳಗೆ ಜೋತುಬಿಟ್ಟು ಅರ್ಧ ನಿಮಿಷ ನಿಂತರೆ ಹನಿ ತಾನಾಗಿ ಬರುತ್ತದೆ.

ಆರಂಭದಲ್ಲಿ ನಂಬಿಕೆ ಬರಲಿಲ್ಲ. ಮನೆಯಲ್ಲಿ ನೋಡಿದ ದಿನವೇ ಲ್ಯಾಬಿಗೂ ಹೋಗಿ ಕೊಟ್ಟೆ. ಮನೆಯಲ್ಲಿ 2.7, ಲ್ಯಾಬಿನಲ್ಲಿ 2.9. ಮುಂದಿನ ಸಲ ಇಲ್ಲಿ 3.1, ಅಲ್ಲಿ 3.0. ಇಷ್ಟು ವ್ಯತ್ಯಾಸ ಇರುವುದೇ ಎಂದು ಡಾಕ್ಟರ್ ಹೇಳಿದರು. ಆಮೇಲೆ ವಾರಕ್ಕೊಮ್ಮೆ ನೋಡಿ ಸಂಖ್ಯೆಯನ್ನು ಅವರಿಗೆ ಫೋನಿನಲ್ಲಿ ಕಳಿಸತೊಡಗಿದೆ. ಗುಳಿಗೆ ಹೆಚ್ಚು ಕಡಿಮೆ ಮಾಡುವುದು ಅವರೇ. ಮೀಟರ್ ಮನೆಯಲ್ಲಿ ಉಂಟೆಂದು ನಾನು ಒಮ್ಮೆಯೂ ಸ್ವಂತ ತೀರ್ಮಾನದಿಂದ ಗುಳಿಗೆ ಮುರಿದಿಲ್ಲ, ನೀವೂ ಮುರಿಯಬೇಡಿ.

ಜುಲೈ ಮಧ್ಯದಲ್ಲಿ ತುಳುವರ ಆಟಿ ತಿಂಗಳು ಬಂತು. ಆಟಿ ಎಂದರೆ ನಮ್ಮಲ್ಲಿ ಸೊಪ್ಪಿನ ತಿಂಗಳು. ಅತ್ತೆಗೆ 82 ವರ್ಷ, ಆದರೂ ಗುಡ್ಡದ ಬದಿಯಿಂದ ತಜಂಕ್ (ಚಗಟೆ ಸೊಪ್ಪು) ಚಿವುಟಿ ತರುತ್ತಾರೆ. ಬೇಲಿಯ ಬಸಳೆ, ಹಿತ್ತಿಲ ಹರಿವೆ, ನುಗ್ಗೆಸೊಪ್ಪು, ಕೆಸುವಿನ ಎಲೆ, ಅಂಗಳದ ತಿಮರೆ (ಒಂದೆಲಗ). ಎರಡು ವಾರ ನಮ್ಮ ಒಲೆಯ ಮೇಲೆ ಹಸಿರು ಬಿಟ್ಟು ಬೇರೆ ಬಣ್ಣ ಇರಲಿಲ್ಲ. ಪುಸ್ತಕದಲ್ಲಿ ಜುಲೈ 20ಕ್ಕೆ 2.9. ಆಗಸ್ಟ್ 3ಕ್ಕೆ 1.8. ಒಂದು ಗುಳಿಗೆಯೂ ತಪ್ಪಿರಲಿಲ್ಲ. ತಿಂಗಳಿಗೊಮ್ಮೆ ಲ್ಯಾಬಿಗೆ ಹೋಗುತ್ತಿದ್ದ ಕಾಲದಲ್ಲಾದರೆ ಈ ಇಳಿತ ನನಗೆ ಗೊತ್ತೇ ಆಗುತ್ತಿರಲಿಲ್ಲ. 2011ರಿಂದ ಎಷ್ಟು ಆಟಿಗಳನ್ನು ಹೀಗೆ ಅರಿಯದೇ ದಾಟಿದ್ದೇನೋ ಎಂದು ಆ ದಿನ ಕೈ ನಡುಗಿತು.

ಡಾಕ್ಟರ್ ಗುಳಿಗೆ ಸ್ವಲ್ಪ ಏರಿಸಿ, ನಾಲ್ಕು ದಿನ ಬಿಟ್ಟು ಮತ್ತೆ ನೋಡಲು ಹೇಳಿದರು. ಕಾರಣವನ್ನೂ ತಾಳ್ಮೆಯಿಂದ ವಿವರಿಸಿದರು. ರಕ್ತ ಹೆಪ್ಪುಗಟ್ಟಲು ಬೇಕಾದ 2, 7, 9, 10 ಎಂಬ ಅಂಶಗಳನ್ನು ನಮ್ಮ ಲಿವರ್ ತಯಾರಿಸುತ್ತದೆ. ಅವು ಕೆಲಸಕ್ಕೆ ಬರಬೇಕಾದರೆ ವಿಟಮಿನ್ ಕೆ ಬೇಕು. ಲಿವರ್ ಒಮ್ಮೆ ಬಳಸಿದ ವಿಟಮಿನ್ ಕೆಯನ್ನು ಮತ್ತೆ ಹುರಿಗೊಳಿಸಿ ಬಳಸಿಕೊಳ್ಳುತ್ತದೆ. ನಮ್ಮ ಗುಳಿಗೆ ತಡೆಯುವುದು ಆ ಹುರಿಗೊಳಿಸುವ ಕೆಲಸವನ್ನು. ಹೊಟ್ಟೆಯಿಂದ ಹೊಸ ವಿಟಮಿನ್ ಕೆ ಧಾರಾಳ ಬಂದುಬಿಟ್ಟರೆ ಗುಳಿಗೆಯ ಶಕ್ತಿ ಸಾಲುವುದಿಲ್ಲ. ಎಲೆ ಹಸಿರಾಗಿರುವಲ್ಲೆಲ್ಲ ಈ ವಿಟಮಿನ್ ಇದೆ, ಏಕೆಂದರೆ ಬಿಸಿಲಿನಿಂದ ಆಹಾರ ಮಾಡಿಕೊಳ್ಳಲು ಗಿಡಕ್ಕೇ ಅದು ಬೇಕು. ಬೇಯಿಸಿದರೆ ಹೆಚ್ಚು ಹಾಳಾಗುವುದಿಲ್ಲ. ಎಣ್ಣೆ, ತೆಂಗಿನಕಾಯಿ ಜೊತೆ ತಿಂದರೆ ಇನ್ನೂ ಚೆನ್ನಾಗಿ ಮೈಗೆ ಹಿಡಿಯುತ್ತದೆ. ತೆಂಗಿನಕಾಯಿ ಇಲ್ಲದ ಸೊಪ್ಪಿನ ಅಡುಗೆ ನಮ್ಮ ಊರಲ್ಲಿ ಯಾರು ಮಾಡುತ್ತಾರೆ? ‘ಕೆ’ ಎಂಬ ಅಕ್ಷರ ಬಂದದ್ದು ‘ಕೊಅಗ್ಯುಲೇಷನ್’ ಎಂಬ ಪದದಿಂದಂತೆ, ಹೆಪ್ಪುಗಟ್ಟುವುದು ಎಂದರ್ಥ. ಡೆನ್ಮಾರ್ಕಿನ ಹೆನ್ರಿಕ್ ಡಾಮ್ ಕೋಳಿಮರಿಗಳಿಗೆ ಕೊಬ್ಬಿಲ್ಲದ ಆಹಾರ ಕೊಟ್ಟು, ಅವು ರಕ್ತ ಸೋರಿ ಸಾಯುವುದನ್ನು ಕಂಡು ಹಿಡಿದ ವಿಟಮಿನ್ ಇದು. 1943ರ ನೊಬೆಲ್ ಅದಕ್ಕೇ ಸಿಕ್ಕಿತು.

ಇಲ್ಲಿ ನಾನು ತಪ್ಪು ತಿಳಿದಿದ್ದ ಒಂದು ವಿಷಯ ಹೇಳಬೇಕು. ‘ಕವಾಟದವರು ಪತ್ರೊಡೆ ತಿನ್ನಬಾರದು’ ಎಂದು ನಮ್ಮ ಕಡೆ ಯಾರೋ ಹೇಳಿ ನಾನು ವರ್ಷಗಟ್ಟಲೆ ಕೆಸುವಿನ ಎಲೆಯ ಪತ್ರೊಡೆ ಮುಟ್ಟಿರಲಿಲ್ಲ. ಹರಿವೆ ಮಾತ್ರ ನಿಶ್ಚಿಂತೆಯಿಂದ ತಿನ್ನುತ್ತಿದ್ದೆ. ಮಗಳು ಅಮೆರಿಕದ ಕೃಷಿ ಇಲಾಖೆಯ ಆಹಾರ ಪಟ್ಟಿ ತೆಗೆದು ತೋರಿಸಿದಳು. 100 ಗ್ರಾಂ ಹಸಿ ಕೆಸುವಿನ ಎಲೆಯಲ್ಲಿ ವಿಟಮಿನ್ ಕೆ ಸುಮಾರು 109 ಮೈಕ್ರೋಗ್ರಾಂ. ಪಾಲಕ್‌ನಲ್ಲಿ ಸುಮಾರು 480. ಹರಿವೆ ಜಾತಿಯ ಸೊಪ್ಪಿನಲ್ಲಿ 1,140! ಹೆದರಿ ದೂರ ಇಟ್ಟದ್ದಕ್ಕಿಂತ ಹತ್ತು ಪಟ್ಟು ನನ್ನ ತಟ್ಟೆಯಲ್ಲೇ ಇತ್ತು. ಪತ್ರೊಡೆಗೆ ಎಲೆಯ ಮೇಲೆ ಎಲೆ ಇಟ್ಟು ಸುತ್ತುತ್ತೇವೆ ಎನ್ನುವುದು ನಿಜ, ಆದರೂ ಎರಡು ತುಂಡಿನಲ್ಲಿ ಎಷ್ಟೆಂದು ಎಲೆ ಬರುತ್ತದೆ? ತಜಂಕ್, ತಿಮರೆಗಳ ಲೆಕ್ಕ ಆ ಪಟ್ಟಿಯಲ್ಲಿ ಸಿಗಲಿಲ್ಲ. ಅವಕ್ಕೆ ನನ್ನ ಪುಸ್ತಕವೇ ಆಧಾರ.

ಸೊಪ್ಪು ಬಿಡಬೇಕಾ ಎಂದು ಕೇಳಿದಾಗ ಡಾಕ್ಟರ್ ಬೇಡವೇ ಬೇಡ ಅಂದರು. ವಾರಕ್ಕೆ ಎಷ್ಟು ತಿನ್ನುತ್ತೀರೋ ಅಷ್ಟನ್ನೇ ಎಲ್ಲ ವಾರವೂ ತಿನ್ನಿ, ಅದಕ್ಕೆ ಹೊಂದುವಷ್ಟು ಗುಳಿಗೆ ನಾನು ಕೊಡುತ್ತೇನೆ ಅಂದರು. ಈ ಮಾತು ಸರಿ ಎಂಬುದು ನಮ್ಮದೇ ಬೀದಿಯಲ್ಲಿ ಕಂಡಿತು. ನಾಲ್ಕು ಮನೆ ಆಚೆ ಒಬ್ಬರು ಹಿರಿಯರಿದ್ದಾರೆ, ಅವರಿಗೂ ಇದೇ ಗುಳಿಗೆ. ಅವರ ಮನೆಯಲ್ಲಿ ಚಾತುರ್ಮಾಸ್ಯದ ಮೊದಲ ತಿಂಗಳು ಶಾಕ ವ್ರತ, ಸೊಪ್ಪು ತರಕಾರಿ ಯಾವುದೂ ಇಲ್ಲ. ನಮ್ಮ ಆಟಿಯೂ ಅವರ ವ್ರತವೂ ಬಹುಮಟ್ಟಿಗೆ ಒಂದೇ ಸಮಯಕ್ಕೆ ಬರುತ್ತವೆ. ನನ್ನದು 1.8ಕ್ಕೆ ಇಳಿದ ವಾರ ಅವರನ್ನು ಮನೆಗೆ ಕರೆದು ಮೀಟರಿನಲ್ಲಿ ನೋಡಿದೆವು: 4.1. ಅವರೂ ಗುಳಿಗೆ ತಪ್ಪಿಸಿದವರಲ್ಲ. ಮರುದಿನವೇ ಅವರ ಮಗ ಆಸ್ಪತ್ರೆಗೆ ಕರೆದುಕೊಂಡು ಹೋದ. ವ್ರತ ಬಿಡಬೇಕಾಗಿ ಬರಲಿಲ್ಲ, ಗುಳಿಗೆ ತಗ್ಗಿಸಿದರು. ಈ ವರ್ಷ ವ್ರತ ಶುರುವಾಗುವ ಮೊದಲೇ ಅವರು ಡಾಕ್ಟರಿಗೆ ತಿಳಿಸಿದ್ದಾರೆ. ನಮ್ಮ ಊರಿನಲ್ಲಿ ಈ ಗುಳಿಗೆ ಬರೆದುಕೊಡುವ ಪ್ರತಿಯೊಬ್ಬರೂ ‘ನಿಮ್ಮ ಮನೆಯಲ್ಲಿ ಆಟಿಯಾ, ವ್ರತವಾ’ ಎಂದು ಒಂದು ಪ್ರಶ್ನೆ ಕೇಳಬೇಕೆಂದು ನನ್ನ ಆಸೆ.

ಆಟಿ ಅಮಾವಾಸ್ಯೆಗೆ ಕುಡಿಯುವ ಪಾಲೆ ಮರದ ತೊಗಟೆಯ ಕಷಾಯದ ಬಗ್ಗೆಯೂ ಡಾಕ್ಟರನ್ನು ಕೇಳಿದೆ. ನನಗೆ ಬೇಡ ಅಂದರು. ಉಳಿದವರೆಲ್ಲ ಕುಡಿದರು, ನಾನು ಮೆಂತೆ ಗಂಜಿ ಮಾತ್ರ ಉಂಡೆ. ಅತ್ತೆಗೆ ಬೇಸರವಾಗಲಿಲ್ಲ, ನನ್ನ ಗಂಜಿಗೆ ಒಂದು ಹಿಡಿ ಬೆಲ್ಲ ಹೆಚ್ಚು ಹಾಕಿದರು.

ಮೀಟರಿಗೆ ಕೊಟ್ಟ ಹಣ ಪೂರ್ತಿ ವಸೂಲಾಯಿತು ಎಂದು ನನಗೆ ಅನಿಸಿದ್ದು ಡಿಸೆಂಬರಿನಲ್ಲಿ. ಮಿಷನ್ ತುಳಿದು ತುಳಿದು ಮೊಣಕಾಲು ನೋವು. ಗುರುತಿನ ಅಂಗಡಿಯೊಂದರಲ್ಲಿ ಅರಿಶಿನ ಮತ್ತು ಕಾಳುಮೆಣಸಿನ ಸಾರದ ಕ್ಯಾಪ್ಸೂಲ್ ಕೊಟ್ಟರು. ಪೂರಾ ನೈಸರ್ಗಿಕ, ಏನೂ ತೊಂದರೆ ಇಲ್ಲ, ದಿನಕ್ಕೆ ಎರಡು ಅಂದರು. ನಾನು ರಕ್ತ ತೆಳುವಾಗಿಸುವ ಗುಳಿಗೆ ತಿನ್ನುತ್ತೇನೆ ಎಂದು ಹೇಳಿದ್ದೆ. ಅರಿಶಿನ ತಾನೇ, ಸಾರಿಗೂ ಹಾಕುತ್ತೀರಲ್ಲ ಅಂದರು. ಆ ಮಾತು ನನಗೂ ಸರಿ ಕಂಡಿತ್ತು. ಎಂಟನೇ ದಿನ ಹಲ್ಲುಜ್ಜುವಾಗ ಒಸಡಿನಿಂದ ರಕ್ತ. ಹತ್ತನೇ ದಿನ ಮುಂಗೈಯಲ್ಲಿ ಪೆಟ್ಟಿಲ್ಲದೆ ಎದ್ದ ನೀಲಿ ಮಚ್ಚೆ, ಅಂಗೈ ಅಗಲ. ಮೀಟರ್ ಹಾಕಿದೆ: 5.2. ಆಟೋ ಹಿಡಿದು ಹೋಗಿ ಲ್ಯಾಬಿನಲ್ಲಿ ಕೊಟ್ಟೆ: 4.7. ಸಂಖ್ಯೆ ಮೇಲೇರಿದಾಗ ಇಂಥ ಮೀಟರುಗಳ ನಿಖರತೆ ಕಡಿಮೆಯಾಗುತ್ತದೆ, ಆಗ ಲ್ಯಾಬಿನಲ್ಲಿ ಖಚಿತ ಮಾಡಿಕೊಳ್ಳಲೇಬೇಕು. ಕ್ಯಾಪ್ಸೂಲ್ ನಿಲ್ಲಿಸಿದರು, ಗುಳಿಗೆಯನ್ನೂ ಎರಡು ದಿನ ತಡೆದರು. ಒಂದು ವಾರದಲ್ಲಿ 3.0ಕ್ಕೆ ಬಂದು ನಿಂತಿತು.

ಸಾರಿನ ಅರಿಶಿನ ಬೇರೆ, ಕ್ಯಾಪ್ಸೂಲಿನದು ಬೇರೆ ಎಂಬುದನ್ನು ಆಮೇಲೆ ನಾನೇ ಲೆಕ್ಕ ಹಾಕಿದೆ. ಬಟ್ಟೆ ಲೆಕ್ಕ ಹಾಕುವವಳಿಗೆ ಇದು ಕಷ್ಟವಲ್ಲ. ಅರಿಶಿನ ಪುಡಿಯಲ್ಲಿ ಅದರ ಮುಖ್ಯ ಸತ್ವವಾದ ಕರ್ಕ್ಯುಮಿನ್ ಇರುವುದು ನೂರಕ್ಕೆ ಸುಮಾರು ಮೂರು ಪಾಲು. ಬಾಟಲಿಯ ಮೇಲೆ ಬರೆದದ್ದು 500 ಮಿಲಿಗ್ರಾಂ ಸಾರ, ಅದರಲ್ಲಿ ನೂರಕ್ಕೆ 95 ಕರ್ಕ್ಯುಮಿನ್. ಎಂದರೆ ಒಂದು ಕ್ಯಾಪ್ಸೂಲಿನಲ್ಲಿ ಸುಮಾರು 15 ಗ್ರಾಂ ಅರಿಶಿನ ಪುಡಿಯ ಸತ್ವ. ದಿನಕ್ಕೆ 30 ಗ್ರಾಂ! ಐದು ಜನರ ಸಾರಿಗೆ ನಾನು ಹಾಕುವುದು ಅರ್ಧ ಚಮಚ. ಅದರ ಮೇಲೆ ಕಾಳುಮೆಣಸಿನ ಪಿಪರಿನ್. ಬರೀ ಕರ್ಕ್ಯುಮಿನ್ ತಿಂದರೆ ರಕ್ತಕ್ಕೆ ಸೇರುವುದು ಬಹಳ ಕಡಿಮೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 2 ಗ್ರಾಂ ಕರ್ಕ್ಯುಮಿನ್ ಜೊತೆ 20 ಮಿಲಿಗ್ರಾಂ ಪಿಪರಿನ್ ಕೊಟ್ಟಾಗ ಅದು ಸುಮಾರು 20 ಪಟ್ಟು ಏರಿತು. ಕಂಪನಿಗಳು ಮೆಣಸಿನ ಸಾರ ಸೇರಿಸುವುದು ಇದಕ್ಕೇ. ನಮ್ಮ ಗುಳಿಗೆಯನ್ನು ಒಡೆದು ಹೊರಹಾಕುವ ಲಿವರಿನ ಕೆಲಸವನ್ನೂ ಇಂಥ ವಸ್ತುಗಳು ನಿಧಾನಗೊಳಿಸುವುದನ್ನು ಪ್ರಯೋಗಾಲಯಗಳಲ್ಲಿ ಕಂಡಿದ್ದಾರೆ. ನನ್ನ ವಿಷಯದಲ್ಲಿ ಆದದ್ದು ಅದೇ ಎಂದು ನಾನು ಸಾಧಿಸಿ ತೋರಿಸಲಾರೆ, ಆದರೆ ಆ ಹತ್ತು ದಿನದಲ್ಲಿ ಬದಲಾದದ್ದು ಕ್ಯಾಪ್ಸೂಲ್ ಒಂದೇ. ನ್ಯೂಜಿಲೆಂಡಿನ ಔಷಧ ನಿಯಂತ್ರಣ ಸಂಸ್ಥೆ ಮೆಡ್‌ಸೇಫ್ 2018ರಲ್ಲೇ ಎಚ್ಚರಿಸಿತ್ತು. ನನ್ನ ಗುಳಿಗೆಯದೇ ಬಗೆಯ ವಾರ್ಫರಿನ್ ತಿನ್ನುತ್ತಿದ್ದ ಒಬ್ಬರು ಅರಿಶಿನದ ಉತ್ಪನ್ನ ಶುರು ಮಾಡಿದ ಕೆಲವೇ ವಾರಗಳಲ್ಲಿ ಅವರ ಐಎನ್‌ಆರ್ 10 ದಾಟಿತ್ತು. ಅಂಗಡಿಯವರಿಗೆ ಬಾಟಲಿ ಹಿಂದಿರುಗಿಸಿ ಇದನ್ನೆಲ್ಲ ಹೇಳಿ ಬಂದೆ. ಕೇಳಿಸಿಕೊಂಡರು, ಆದರೆ ಬಾಟಲಿಗಳು ಇನ್ನೂ ಗಲ್ಲೆಯ ಪಕ್ಕದಲ್ಲೇ ಇವೆ.

ಅಕ್ಕನಿಗೆ ವಿಷಯ ಗೊತ್ತಾದಾಗ ಅವಳು ಬೈದದ್ದು ನನ್ನ ಗುಳಿಗೆಯನ್ನು. “ಎಂತ ಮಾರಾಯ್ತಿ, ಅದು ಇಲಿ ಪಾಷಾಣದ ಜಾತಿಯಂತೆ. ಅದನ್ನು ಬಿಟ್ಟು ಗಿಡಮೂಲಿಕೆ ತಕೊಳ್ಳಬಾರದಾ?”

ಅವಳಿಗೆ ನಾನು ಕೂತು ಕತೆ ಹೇಳಿದೆ. ಅಕ್ಕಾ, ಇದೂ ಗಿಡದಿಂದಲೇ ಬಂದದ್ದು. 1920ರ ದಶಕದಲ್ಲಿ ಕೆನಡಾ, ಅಮೆರಿಕದ ಕಡೆ ದನಗಳು ಕೊಂಬು ಕತ್ತರಿಸಿದರೂ ಸಾಕು, ರಕ್ತ ನಿಲ್ಲದೆ ಸಾಯುತ್ತಿದ್ದವು. ಮೇವಿಗೆ ಕೊಟ್ಟ ಸಿಹಿ ಕ್ಲೋವರ್ ಎಂಬ ಹುಲ್ಲು ತೇವಕ್ಕೆ ಬೂಷ್ಟು ಹಿಡಿದಿರುವುದೇ ಕಾರಣ ಎಂದು ಫ್ರಾಂಕ್ ಸ್ಕೋಫೀಲ್ಡ್ ಎಂಬ ಪಶುವೈದ್ಯರು ಕಂಡುಕೊಂಡರು. ಆ ಹುಲ್ಲಿನಲ್ಲಿ ಕೌಮರಿನ್ ಎಂಬ ಸುವಾಸನೆಯ ವಸ್ತು ಇರುತ್ತದೆ. ಅದರಿಂದ ರಕ್ತಕ್ಕೆ ಏನೂ ಆಗುವುದಿಲ್ಲ. ಬೂಷ್ಟು ಹಿಡಿದಾಗ ಅದು ಡೈಕೌಮರಾಲ್ ಆಗಿ ಬದಲಾಗುತ್ತದೆ. 1933ರ ಫೆಬ್ರವರಿಯಲ್ಲಿ ವಿಸ್ಕಾನ್ಸಿನ್‌ನ ರೈತನೊಬ್ಬ ಸತ್ತ ಕಡಸನ್ನೂ ಹೆಪ್ಪುಗಟ್ಟದ ರಕ್ತದ ಡಬ್ಬಿಯನ್ನೂ ಹಿಮಪಾತದಲ್ಲೇ ಹೊತ್ತು ತಂದು ಕಾರ್ಲ್ ಪಾಲ್ ಲಿಂಕ್ ಅವರ ಪ್ರಯೋಗಾಲಯಕ್ಕೆ ತಲುಪಿಸಿದ. ಲಿಂಕ್ ತಂಡ ಆರು ವರ್ಷ ದುಡಿದು 1939ರಲ್ಲಿ ಆ ವಸ್ತುವನ್ನು ಬೇರ್ಪಡಿಸಿತು. ಅದರ ಬಂಧು ವಾರ್ಫರಿನ್ 1948ರಲ್ಲಿ ಇಲಿ ಮದ್ದಾಗಿ ಬಂತು, 1954ರಲ್ಲಿ ಮನುಷ್ಯರಿಗೆ ಔಷಧವಾಯಿತು. ನನ್ನ ಅಸೆನೊಕೌಮರಾಲ್ ಕೂಡ ಅದೇ ಮನೆತನದ್ದು. ಇಲಿಯನ್ನು ಕೊಲ್ಲುವುದಕ್ಕೂ ನನ್ನನ್ನು ಬದುಕಿಸುವುದಕ್ಕೂ ನಡುವೆ ಇರುವುದು ಪ್ರಮಾಣ, ಅದನ್ನು ಅಳೆಯುವುದಕ್ಕೇ ಈ ಯಂತ್ರ. ಅಕ್ಕ ಆಮೇಲೆ ಗುಳಿಗೆಗೆ ಬೈದಿಲ್ಲ.

ಆದರೆ ಈ ಯಂತ್ರಕ್ಕೆ ಕಾಣದ್ದೂ ಉಂಟು, ತೆಗೆದುಕೊಳ್ಳುವವರು ಇದನ್ನು ಮೊದಲೇ ತಿಳಿದಿರಬೇಕು. ಮಾರ್ಚಿನಲ್ಲಿ ಹಲ್ಲು ಕೀಳಿಸಬೇಕಾಯಿತು. ಮೀಟರನ್ನು ಚೀಲದಲ್ಲೇ ಒಯ್ದು ದಂತವೈದ್ಯರ ಎದುರೇ ನೋಡಿದೆ, 2.6. ಅವರು ಅಷ್ಟಕ್ಕೇ ಬಿಡದೆ ಬೆಳ್ಳುಳ್ಳಿ ಮಾತ್ರೆ, ಶುಂಠಿ ಮಾತ್ರೆ, ಆಸ್ಪಿರಿನ್ ಏನಾದರೂ ತಿನ್ನುತ್ತೀರಾ ಎಂದು ಕೇಳಿದರು. ಸಂಖ್ಯೆ ಸರಿ ಉಂಟಲ್ಲ ಡಾಕ್ಟ್ರೇ, ಮತ್ತೆ ಯಾಕೆ ಕೇಳುವುದು ಅಂದೆ. ರಕ್ತ ನಿಲ್ಲುವುದರಲ್ಲಿ ಎರಡು ಕೆಲಸ ಎಂದು ವಿವರಿಸಿದರು. ಗಾಯದ ಬಾಯಿಗೆ ಮೊದಲು ಓಡಿಬಂದು ಒಂದಕ್ಕೊಂದು ಅಂಟುವುದು ಪ್ಲೇಟ್ಲೆಟ್. ಡೆಂಗ್ಯೂ ಕಾಲದಲ್ಲಿ ನಮ್ಮ ಊರಿನ ಮಕ್ಕಳ ಬಾಯಲ್ಲೂ ಇರುವ ಅದೇ ಪ್ಲೇಟ್ಲೆಟ್. ಅದರ ಮೇಲೆ ಬಲೆ ನೇಯುವುದು ಲಿವರಿನ ಅಂಶಗಳು. ಐಎನ್‌ಆರ್ ಅಳೆಯುವುದು ಬಲೆಯನ್ನು ಮಾತ್ರ. ಬೆಳ್ಳುಳ್ಳಿಯ ಅಜೋಯೀನ್, ಶುಂಠಿಯ ಜಿಂಜರಾಲ್ ತಡೆಯುವುದು ಪ್ಲೇಟ್ಲೆಟ್ ಅಂಟುವುದನ್ನು. ವಿಲ್ಲೋ ಮರದ ತೊಗಟೆಯ ಸತ್ವದ ಹಾದಿಯಲ್ಲೇ ಹುಟ್ಟಿದ ಆಸ್ಪಿರಿನ್ ಅಂತೂ ಒಂದು ಪ್ಲೇಟ್ಲೆಟ್ಟಿಗೆ ತಾಗಿದರೆ ಅದು ಬದುಕಿರುವ ಏಳರಿಂದ ಹತ್ತು ದಿನವೂ ಬಿಡುವುದಿಲ್ಲ. ಮೀಟರ್ 2.6 ತೋರಿಸುತ್ತಲೇ ಇರುತ್ತದೆ, ರಕ್ತ ಮಾತ್ರ ನಿಲ್ಲುವುದಿಲ್ಲ. ಒಗ್ಗರಣೆಯ ನಾಲ್ಕು ಎಸಳಿಗೆ, ಚಾಯಕ್ಕೆ ಜಜ್ಜಿ ಹಾಕುವ ಶುಂಠಿಗೆ ಹೆದರಬೇಕಾಗಿಲ್ಲ, ಡಬ್ಬಿಯಲ್ಲಿ ಬರುವ ಸಾರಗಳನ್ನು ಕೇಳದೆ ತಿನ್ನಬೇಡಿ ಅಂದರು. ಚಿಕ್ಕಂದಿನಲ್ಲಿ ಕತ್ತಿ ತಾಗಿದರೆ ಅಮ್ಮ ಕಮ್ಯುನಿಸ್ಟ್ ಗಿಡದ ಎಲೆ ಜಜ್ಜಿ ರಸ ಹಿಂಡುತ್ತಿದ್ದರು, ರಕ್ತ ನಿಲ್ಲುತ್ತಿತ್ತು. ಎಲೆಗಳಲ್ಲಿ ಎರಡೂ ಬಗೆಯ ಶಕ್ತಿ ಇರುವುದು ನಮಗೆ ಹೊಸ ವಿಷಯವೇನಲ್ಲ. ಯಾವುದು ಯಾವ ಕೆಲಸ ಮಾಡುತ್ತದೆ ಎಂಬುದು ನನಗೆ ತಿಳಿದದ್ದು ಈಗ.

ಯಂತ್ರದ ಉಳಿದ ತೊಂದರೆಗಳು. ನನ್ನದರ ಪುಸ್ತಕದಲ್ಲಿ 18ರಿಂದ 32 ಡಿಗ್ರಿ ಒಳಗೆ ಬಳಸಿ ಎಂದು ಬರೆದಿದೆ. ಏಪ್ರಿಲ್ ಮಧ್ಯಾಹ್ನ ಶೀಟಿನ ಮಾಡಿನ ನನ್ನ ಅಂಗಡಿಯಲ್ಲಿ ಅದು ಸಂಖ್ಯೆ ಕೊಡಲಿಲ್ಲ, ತಾಪಮಾನದ ಗುರುತು ತೋರಿಸಿ ನಿಂತಿತು. ಬೆಳಿಗ್ಗೆ ಆರೂವರೆಗೆ ಮನೆಯೊಳಗೆ ನೋಡುವ ಅಭ್ಯಾಸ ಮಾಡಿಕೊಂಡೆ. ಮಳೆಗಾಲದ ತೇವಕ್ಕೆ ಪಟ್ಟಿ ಹಾಳಾಗುತ್ತದೆ, ಡಬ್ಬಿಯ ಮುಚ್ಚಳ ತೆಗೆದ ಕೂಡಲೇ ಮುಚ್ಚಬೇಕು. ಪಟ್ಟಿಗಳು ದುಬಾರಿ, ನಮ್ಮ ಮೆಡಿಕಲ್‌ನಲ್ಲಿ ಇಡುವುದಿಲ್ಲ, ತರಿಸಬೇಕು. 24 ಪಟ್ಟಿಗಳ ಎರಡನೇ ಡಬ್ಬಿ ಮುಗಿಯುತ್ತ ಬಂದಿದೆ. ಜನವರಿಯ ನಂತರ ಸಂಖ್ಯೆ ಸ್ಥಿರವಾದ್ದರಿಂದ ಎರಡು ವಾರಕ್ಕೊಮ್ಮೆ ನೋಡುತ್ತೇನೆ. ಬಸ್ಸು, ಲ್ಯಾಬು, ಹೋದ ಕೆಲಸ ಎಲ್ಲ ಕೂಡಿಸಿದರೆ ನನಗೆ ನಷ್ಟವಿಲ್ಲ. ಲ್ಯಾಬು ಮನೆಯ ಪಕ್ಕದಲ್ಲೇ ಇರುವವರಿಗೆ ಈ ಲೆಕ್ಕ ಬೇರೆಯಾಗಬಹುದು. ಕೈ ನಡುಗುವವರು, ಕಣ್ಣು ಮಂಜಾದವರು ಒಬ್ಬರೇ ಇದ್ದರೆ ಕಷ್ಟ. ಆಂಟಿಫಾಸ್ಫೊಲಿಪಿಡ್ ಕಾಯಿಲೆ ಇರುವವರಿಗೆ ಇಂಥ ಮೀಟರ್ ತಪ್ಪು ತೋರಿಸಬಹುದು, ಅವರು ಡಾಕ್ಟರನ್ನು ಕೇಳಿಯೇ ತೆಗೆದುಕೊಳ್ಳಬೇಕು. ಐದರಲ್ಲಿ ನಾಲ್ಕೂವರೆ ಕೊಡುತ್ತೇನೆ. ಅರ್ಧ ಕಳೆದದ್ದು ಪಟ್ಟಿಯ ಬೆಲೆಗೆ.

ಈಗ ಮತ್ತೆ ಆಟಿ. ಈ ಸಲ ಹರಿವೆ ವಾರಕ್ಕೆ ಒಂದೇ ದಿನ, ಒಂದೇ ಸೌಟು, ಆಟಿಯಲ್ಲೂ ಅಷ್ಟೇ, ದೀಪಾವಳಿಯಲ್ಲೂ ಅಷ್ಟೇ. ನಿನ್ನೆ ರಾತ್ರಿ ಅತ್ತೆ ಪತ್ರೊಡೆ ಬೇಯಿಸಿ, ತೆಂಗಿನೆಣ್ಣೆ ಹಾಕಿ ಎರಡು ತುಂಡು ತಟ್ಟೆಗೆ ಇಟ್ಟರು. ಎಷ್ಟೋ ವರ್ಷಗಳ ನಂತರ ತಿಂದೆ. ಇವತ್ತು ಬೆಳಿಗ್ಗೆ ನೋಡಿದ್ದು 2.8. ಪತ್ರೊಡೆಯ ಲೆಕ್ಕ ಅದರಲ್ಲಿ ಇನ್ನೂ ಸೇರಿಲ್ಲ, ಬರಲು ಎರಡು ಮೂರು ದಿನ ಬೇಕು. ಶುಕ್ರವಾರದ ಪಟ್ಟಿ ತೆಗೆದಿಟ್ಟಿದ್ದೇನೆ.